ಗುಳ್ಳೆಯೊಳಗಿನ ಮಾತು: ಪ್ರೇಮದ ಚಿತ್ರಕಥೆಗಳೂ ನಮ್ಮ ಮಕ್ಕಳ ಕನ್ನಡವೂ

(ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ ಸೇರಿದ್ದ ಓದುಗರ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಇಂದಿನ ಮಾತಿಗೆ ನಾನು ಆರಿಸಿಕೊಂಡ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲಿ ಓದಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದು ನನ್ನ ಗಮನಕ್ಕೆ ಬಂದಿದೆ. ವಚನ, ದಾಸಸಾಹಿತ್ಯ, ಗಡಿ ಸಮಸ್ಯೆ ಇವುಗಳ ಬಗ್ಗೆ ಭಾಷಣಗಳಾಗುವ ಸಂಘದಲ್ಲಿ ಜಪಾನಿನ ಪ್ರೇಮದ ಚಿತ್ರಕಥೆಗಳಿಗೂ ಮೊಬೈಲ್ ಫೋನಿನಲ್ಲಿ ಓದುವ ವೆಬ್‌ಕಾಮಿಕ್‌ಗಳಿಗೂ ಏನು ಸ್ಥಾನ ಎಂಬ ಪ್ರಶ್ನೆ ಸಹಜವಾದುದೇ. ಜಪಾನೀಯರು ತಮ್ಮ ಚಿತ್ರಕಥೆಗೆ ಕೊಟ್ಟ ‘ಮಾಂಗಾ’ ಎಂಬ ಹೆಸರು ಕೂಡ ನಮ್ಮ ಕಿವಿಗೆ ಮಂಗನ ಚೇಷ್ಟೆಯಂತೆಯೇ ಕೇಳಿಸುತ್ತದೆ. ಆದರೂ ಕೊನೆಯವರೆಗೆ ಕೇಳುವ ತಾಳ್ಮೆ ತೋರಿದರೆ, ನಾನು ಮಾತನಾಡುತ್ತಿರುವುದು ಕನ್ನಡದ ಬಗ್ಗೆಯೇ ಎಂಬುದು ನಿಮಗೆ ತಿಳಿದೀತು. ನಾನು ವಿಮರ್ಶಕಿಯಲ್ಲ. ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆ ಆಯುಷ್ಯ ಕಳೆದು, ಉಳಿದ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ ಒಬ್ಬ ಸಾಮಾನ್ಯ ಓದುಗಳು. ನನ್ನ ಅಭಿಪ್ರಾಯಗಳಿಗೆ ಓದುಗಳ ಅಧಿಕಾರಕ್ಕಿಂತ ಹೆಚ್ಚಿನ ಅಧಿಕಾರವೇನೂ ಇಲ್ಲ.

ನಾವು ಕುಳಿತಿರುವ ಈ ಬೀದಿಗೆ 2004ರಿಂದ ಮದರ್ ತೆರೇಸಾ ಸರಣಿ ಎಂಬ ಅಧಿಕೃತ ಹೆಸರಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ ಪಾರ್ಕ್ ಸ್ಟ್ರೀಟೇ. ಇಲ್ಲಿನ ಆಕ್ಸ್‌ಫರ್ಡ್ ಪುಸ್ತಕದಂಗಡಿಯೂ ಪಕ್ಕದ ಫ್ರೀ ಸ್ಕೂಲ್ ಸ್ಟ್ರೀಟಿನ ಹಳೆಯ ಪುಸ್ತಕಗಳ ಅಂಗಡಿಗಳೂ ಈ ಊರಿನ ಓದುಗರಿಗೆ ಬಹುಕಾಲದಿಂದ ಪರಿಚಿತ. ಒಂದು ಕಾಲದಲ್ಲಿ ಹರೆಯದವರು ಇಂಗ್ಲಿಷಿನ ಅಗ್ಗದ ಪ್ರೇಮಕಾದಂಬರಿಗಳನ್ನು ಹುಡುಕಿಕೊಂಡು ಬರುತ್ತಿದ್ದ ಈ ಬೀದಿಗೆ ಇಂದು ಅವರ ಮಕ್ಕಳು ಮಾಂಗಾ ಹುಡುಕಿಕೊಂಡು ಬರುತ್ತಾರೆ. ಒಂದೊಂದು ಸಂಪುಟಕ್ಕೆ ನಾನೂರು ಐನೂರು ರೂಪಾಯಿ. ಕೊಳ್ಳಲಾಗದವರು ನಿಂತಲ್ಲೇ ಅರ್ಧ ಓದಿ ಮುಗಿಸುತ್ತಾರೆ. ಬಲದಿಂದ ಎಡಕ್ಕೆ ಪುಟ ಮಗುಚುವ ಆ ಓದನ್ನು ಯಾರೂ ಅವರಿಗೆ ಕಲಿಸಿಲ್ಲ. ಪುಸ್ತಕ ಓದುವುದಿಲ್ಲವೆಂದು ನಾವು ದೂರುವ ಮಕ್ಕಳು ಹದಿನೈದು ಇಪ್ಪತ್ತು ಸಂಪುಟಗಳ ಕಥೆಯನ್ನು ಒಂದು ಸಾಲೂ ಬಿಡದೆ ಓದುತ್ತಿದ್ದಾರೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಈ ಪ್ರೇಮಕಥೆಗಳ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ‘ಮಾಂಗಾ’ ಎಂಬ ಮಾತು ಹಳೆಯದು. ಹೊಕುಸಾಯಿ ಎಂಬ ಮಹಾನ್ ಚಿತ್ರಕಾರ 1814ರಲ್ಲೇ ಆ ಹೆಸರಿನಿಂದ ತನ್ನ ರೇಖಾಚಿತ್ರಗಳ ಮೊದಲ ಸಂಪುಟ ಹೊರತಂದಿದ್ದ. ಎರಡನೆಯ ಮಹಾಯುದ್ಧದ ತರುವಾಯ ಹುಡುಗಿಯರಿಗೆಂದೇ ಮಾಂಗಾ ಪತ್ರಿಕೆಗಳು ಹುಟ್ಟಿಕೊಂಡವು. ಮೊದಮೊದಲು ಅವುಗಳಲ್ಲಿ ಬರೆಯುತ್ತಿದ್ದವರು ಹೆಚ್ಚಾಗಿ ಗಂಡಸರು. 1970ರ ದಶಕದಲ್ಲಿ ಆ ಸ್ಥಿತಿ ಬದಲಾಯಿತು. ಹಾಗಿಯೋ ಮೋಟೊ, ತಾಕೆಮಿಯಾ ಕೇಕೊ ಮೊದಲಾದ ತರುಣಿಯರು ಲೇಖನಿ ಹಿಡಿದರು. ಅವರಲ್ಲಿ ಹಲವರು ಜಪಾನೀ ಲೆಕ್ಕದ ಷೋವಾ 24ನೆಯ ವರ್ಷ, ಅಂದರೆ 1949ರ ಆಸುಪಾಸಿನಲ್ಲಿ ಹುಟ್ಟಿದವರಾದ್ದರಿಂದ ‘ಇಪ್ಪತ್ತನಾಲ್ಕರ ಗುಂಪು’ ಎಂಬ ಹೆಸರು ಬಂತು. ಇಕೆದಾ ರಿಯೊಕೊ 1972ರಿಂದ 73ರವರೆಗೆ ‘ಮಾರ್ಗರೆಟ್’ ವಾರಪತ್ರಿಕೆಯಲ್ಲಿ ಬರೆದ ‘ವರ್ಸೇಲ್ಸಿನ ಗುಲಾಬಿ’ ಫ್ರೆಂಚ್ ಕ್ರಾಂತಿಯನ್ನೇ ಹುಡುಗಿಯರ ಓದಿಗೆ ತಂದಿತು. ಹೆಂಗಸರು ಬರೆದದ್ದು, ಹುಡುಗಿಯರು ಓದಿದ್ದು, ವಾರವಾರವೂ ಕಂತಾಗಿ ಬಂದದ್ದು.

ಈ ಮೂರು ಲಕ್ಷಣಗಳನ್ನು ಕೇಳಿದಾಗ ನನ್ನ ವಯಸ್ಸಿನ ಸೋದರಿಯರಿಗೆ ಏನಾದರೂ ನೆನಪಾಗುತ್ತದೆಯೇ? ನನಗಂತೂ ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳು ನೆನಪಾಗುತ್ತವೆ. ತ್ರಿವೇಣಿಯವರಿಂದ ಮೊದಲುಗೊಂಡು ಎಂ.ಕೆ. ಇಂದಿರಾ, ಸಾಯಿಸುತೆಯವರ ತನಕ ಕನ್ನಡದ ಹೆಂಗಸರು ಬರೆದ ಕಥೆಗಳನ್ನು ಕನ್ನಡದ ಹೆಂಗಸರು ಪುಟ ಹರಿದಿಟ್ಟುಕೊಂಡು, ಹೊಲಿದು, ಪುಸ್ತಕ ಮಾಡಿಕೊಂಡು ಓದಿದರು. ‘ಅಡುಗೆಮನೆ ಸಾಹಿತ್ಯ’ ಎಂದು ಹೀಗಳೆದವರಿಗೇನೂ ಕೊರತೆಯಿರಲಿಲ್ಲ. ಆದರೆ ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ಗಳನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದಾಗ ಅದೇ ಅಡುಗೆಮನೆಯ ದುಃಖವನ್ನು ಕರ್ನಾಟಕವೆಲ್ಲ ಟಿಕೆಟ್ಟು ಕೊಂಡು ನೋಡಿತು. ಆದ್ದರಿಂದ ಹುಡುಗಿಯರು ಇಷ್ಟಪಟ್ಟು ಓದುವುದೆಲ್ಲ ಹಗುರವಾದದ್ದೇ ಇರಬೇಕು ಎಂಬ ತೀರ್ಮಾನಕ್ಕೆ ನಾನು ಸಿದ್ಧಳಿಲ್ಲ.

ವೆಬ್‌ಕಾಮಿಕ್‌ನ ಕಥೆ ಇದಕ್ಕಿಂತ ಹೊಸದು. ದಕ್ಷಿಣ ಕೊರಿಯಾದ ನೇವರ್ ಸಂಸ್ಥೆ 2004ರಲ್ಲಿ ‘ವೆಬ್‌ಟೂನ್’ ಪ್ರಕಟಣೆ ಆರಂಭಿಸಿತು. ಇಲ್ಲಿ ಪುಟವೆಂಬುದೇ ಇಲ್ಲ. ಚಿತ್ರಗಳು ಮೇಲಿನಿಂದ ಕೆಳಕ್ಕೆ ಸುರುಳಿ ಬಿಚ್ಚಿದಂತೆ ಇಳಿಯುತ್ತವೆ. ಎರಡು ಚಿತ್ರಗಳ ನಡುವೆ ಎಷ್ಟು ಖಾಲಿ ಜಾಗ ಬಿಟ್ಟಿದೆಯೋ ಅಷ್ಟು ಹೊತ್ತಿನ ಮೌನ. ಬೆರಳು ಜಾರಿಸಿದಷ್ಟೂ ಉತ್ತರ ದೂರ. ನ್ಯೂಜಿಲೆಂಡಿನ ರೇಚಲ್ ಸ್ಮೈತ್ 2018ರಿಂದ 2024ರವರೆಗೆ ಬರೆದ ‘ಲೋರ್ ಒಲಿಂಪಸ್’ ಗ್ರೀಕ್ ಪುರಾಣದ ಪರ್ಸಿಫೊನಿಯ ಕಥೆಯನ್ನು ಈ ರೀತಿಯಲ್ಲಿ ಹೊಸದಾಗಿ ಹೇಳಿ ಲೋಕಪ್ರಸಿದ್ಧವಾಯಿತು. ವೆಬ್‌ಕಾಮಿಕ್ ಎಂದರೆ ಪ್ರೇಮವೊಂದೇ ಎಂದು ತಿಳಿಯಬಾರದು. ಕಡ್ಡಿಯಂಥ ಗೆರೆಗಳ ಮನುಷ್ಯರನ್ನು ಬರೆದು ‘ಸ್ಯಾನಿಟರಿ ಪ್ಯಾನೆಲ್ಸ್’ ನಡೆಸುವ ರಚಿತಾ ತನೇಜಾ ಅವರ ವಿರುದ್ಧ 2020ರಲ್ಲಿ ನ್ಯಾಯಾಂಗ ನಿಂದನೆಯ ಮೊಕದ್ದಮೆಗೆ ಆಗಿನ ಅಟಾರ್ನಿ ಜನರಲ್ ಸಮ್ಮತಿ ಕೊಟ್ಟರು. ಅಂಥ ನಾಲ್ಕು ಗೆರೆಗಳಿಗೂ ಇಷ್ಟು ತೂಕವಿದೆಯೆಂದ ಮೇಲೆ ಈ ಮಾಧ್ಯಮವನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

ಇನ್ನು ನನ್ನ ಮೆಚ್ಚುಗೆಯ ಮಾತು. ಷಿಯಿನಾ ಕರುಹೊ ಅವರ ‘ಕಿಮಿ ನಿ ತೊಡೊಕೆ’ (2005–2017) ಎಂಬ ಕಥೆಯಲ್ಲಿ ಸಾವಾಕೊ ಎಂಬ ಹುಡುಗಿಯಿದ್ದಾಳೆ. ಉದ್ದ ಕೂದಲು, ಬಿಳಿಚಿಕೊಂಡ ಮುಖ, ಮಾತು ಕಡಿಮೆ. ಶಾಲೆಯ ಮಕ್ಕಳು ಅವಳನ್ನು ಸಿನಿಮಾದ ದೆವ್ವದ ಹೆಸರಿಟ್ಟು ಕರೆಯುತ್ತಾರೆ. ಅವಳ ಕಷ್ಟವೆಲ್ಲ ಒಂದೇ: ಮನಸ್ಸಿನಲ್ಲಿರುವುದು ಮಾತಾಗಿ ಎದುರಿನವರನ್ನು ಮುಟ್ಟುವುದಿಲ್ಲ. ಒಬ್ಬ ಗೆಳೆಯನಿಗೆ, ಇಬ್ಬರು ಗೆಳತಿಯರಿಗೆ ಅವಳ ಮಾತು ಮುಟ್ಟುವಂತಾಗುವುದೇ ಆ ದೀರ್ಘ ಕಥೆಯ ಸಾರ. ಸೂ ಮೊರಿಷಿತಾ ಎಂಬ ಹೆಸರಿನಲ್ಲಿ ಇಬ್ಬರು ಸೇರಿ 2019ರಲ್ಲಿ ಆರಂಭಿಸಿದ ‘ಯುಬಿಸಾಕಿ ತೊ ರೆನ್‌ರೆನ್’ನಲ್ಲಿ ನಾಯಕಿ ಯುಕಿಗೆ ಕಿವಿ ಕೇಳಿಸದು. ಹಲವು ದೇಶ ಸುತ್ತಿ ಹಲವು ಭಾಷೆ ಬಲ್ಲ ತರುಣನೊಬ್ಬ ಅವಳಿಗಾಗಿ ಕೈಸನ್ನೆಯ ಭಾಷೆಯನ್ನು ಮೊದಲಿನಿಂದ ಕಲಿಯುತ್ತಾನೆ. ಇನ್ನೊಬ್ಬರ ಭಾಷೆ ಕಲಿಯುವುದೇ ಪ್ರೀತಿಯ ಮೊದಲ ಕೆಲಸ ಎಂದು ಹೇಳುವ ಕಥೆಯನ್ನು ಹೊರನಾಡಿನಲ್ಲಿ ನೆಲೆಸಿದ ನಾವಲ್ಲದೆ ಬೇರೆ ಯಾರು ಚೆನ್ನಾಗಿ ಅರ್ಥಮಾಡಿಕೊಂಡಾರು?

ದೋಷಗಳನ್ನೂ ಹೇಳಿಬಿಡುತ್ತೇನೆ. ಜನಪ್ರಿಯವಾಯಿತೆಂದರೆ ಸಾಕು, ಕಥೆಯನ್ನು ಎಳೆಯುವುದು ಇಲ್ಲಿಯೂ ಉಂಟು. ಪ್ರೀತಿ ಹೇಳಿಕೊಳ್ಳಲು ಹೊರಟಾಗಲೆಲ್ಲ ರೈಲು ಬರುತ್ತದೆ, ಪಟಾಕಿ ಸಿಡಿಯುತ್ತದೆ, ಯಾರೋ ಬಾಗಿಲು ತೆರೆಯುತ್ತಾರೆ. ಹುಡುಗಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಅಡ್ಡಲಾಗಿ ಕೈಯೂರುವ ಗಂಡನ್ನು ಧೀರನೆಂದು ತೋರಿಸುವ ಕಥೆಗಳು ಬೇಕಾದಷ್ಟಿವೆ. ಕಾಮಿಯೊ ಯೊಕೊ ಅವರ ‘ಹಾನಾ ಯೊರಿ ದಾಂಗೊ’ದ ಶ್ರೀಮಂತ ನಾಯಕ ಮೊದಲು ಹಿಂಸಿಸುತ್ತಾನೆ, ಆಮೇಲೆ ಪ್ರೀತಿಸುತ್ತಾನೆ, ಓದುಗರು ಮೊದಲಿನದನ್ನು ಮರೆಯಬೇಕೆಂಬುದು ಕಥೆಯ ಅಪೇಕ್ಷೆ. ನಮ್ಮ ಧಾರಾವಾಹಿಗಳ ಸಿಡುಕು ಸ್ವಭಾವದ ಎಸ್ಟೇಟ್ ಮಾಲೀಕನ ಮಗನೂ ಇವನೂ ಅಣ್ಣತಮ್ಮಂದಿರು. ಕೊರಿಯಾದ ವೆಬ್‌ಟೂನ್‌ಗಳಲ್ಲಂತೂ ಕರಾರಿನ ಮದುವೆ, ಪುನರ್ಜನ್ಮ ಪಡೆದ ರಾಜಕುಮಾರಿ ಇವು ಹತ್ತರಲ್ಲಿ ಏಳೆಂಟಕ್ಕೆ ಕಥಾವಸ್ತು ಎಂಬಷ್ಟು ಬೇಸರ ತರಿಸಿವೆ. ವಾರಕ್ಕೊಂದು ಕಂತನ್ನು ಬಣ್ಣ ತುಂಬಿ ಒಪ್ಪಿಸಬೇಕಾದ ಚಿತ್ರಕಾರರ ಬೆನ್ನು ಕೈಗಳ ಸ್ಥಿತಿಯನ್ನೂ ನಾವು ಯೋಚಿಸಬೇಕು. ಹೊಗಳಿಕೆಗಾಗಿ ನಾನು ಇಲ್ಲಿಗೆ ಬಂದಿಲ್ಲ. ಆಯ್ದು ಓದಬೇಕು, ಮಕ್ಕಳೊಡನೆ ಕುಳಿತು ಓದಬೇಕು ಎಂಬುದಷ್ಟೇ ನನ್ನ ಮಾತು.

ಹಾಗೆ ಕುಳಿತು ಓದಿದಾಗ ಆದ ಒಂದು ಅನುಭವವನ್ನು ಈಗ ಹೇಳಬೇಕು. ನನ್ನ ಮೊಮ್ಮಗಳು ಇದೇ ಊರಿನಲ್ಲಿ ಹುಟ್ಟಿದವಳು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಬಂಗಾಳಿ, ಮನೆಯಲ್ಲಿ ಕನ್ನಡ. ಒಂದು ರಜೆಯಲ್ಲಿ ಅವಳೂ ನಾನೂ ಒಂದು ಮಾಂಗಾ ಸಂಪುಟವನ್ನು ಮುಂದಿಟ್ಟುಕೊಂಡು, ಸಣ್ಣ ಸಣ್ಣ ಚೀಟಿಗಳಲ್ಲಿ ಕನ್ನಡ ಮಾತು ಬರೆದು ಇಂಗ್ಲಿಷ್ ಮಾತಿನ ಗುಳ್ಳೆಗಳ ಮೇಲೆ ಅಂಟಿಸುವ ಆಟ ಆಡಿದೆವು. ಊಟದ ದೃಶ್ಯ, ಜಗಳದ ದೃಶ್ಯ ಇವೆಲ್ಲ ಸರಾಗವಾಗಿ ಸಾಗಿದವು. ಹುಡುಗ ಹುಡುಗಿ ಛತ್ರಿಯ ಕೆಳಗೆ ನಿಂತು ಮಾತನಾಡುವ ಪುಟ ಬಂದಾಗ ಅವಳ ಪೆನ್ಸಿಲ್ಲು ನಿಂತಿತು. “ಅಜ್ಜೀ, ಕನ್ನಡದಲ್ಲಿ ಹೀಗೆಲ್ಲ ಮಾತಾಡ್ತಾರಾ?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಹೊರನಾಡಿನ ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಯಾವುದು? ಏಳು, ಬಾ, ತಿನ್ನು, ಓದು, ಮಲಗು, ಸಾಕು ಮಾಡು. ಅದು ಆಜ್ಞೆಯ ಕನ್ನಡ, ಅಡುಗೆಯ ಕನ್ನಡ, ನೆಂಟರ ಹೆಸರುಗಳ ಕನ್ನಡ. ರಾಜ್ಯೋತ್ಸವದ ದಿನ ಅದರ ಮೇಲೆ ಇನ್ನೊಂದು ಪದರ: ವೇದಿಕೆಯ ಕನ್ನಡ. ಊರಿನಲ್ಲಿ ಬೆಳೆಯುವ ಮಗು ಉಳಿದ ಕನ್ನಡವನ್ನು ಗೆಳೆಯರಿಂದ, ಬಸ್ಸಿನಲ್ಲಿ, ಕಾಲೇಜಿನ ಮೆಟ್ಟಿಲಲ್ಲಿ ಕಲಿಯುತ್ತದೆ. ನಮ್ಮ ಮಕ್ಕಳಿಗೆ ಆ ಅವಕಾಶವಿಲ್ಲ. ಸ್ನೇಹ, ಅಸೂಯೆ, ನಾಚಿಕೆ, ಪ್ರೀತಿ ಎಲ್ಲವೂ ಅವರಿಗೆ ಬೇರೆ ಭಾಷೆಗಳಲ್ಲೇ ಆಗುತ್ತವೆ. ಯಾವ ಭಾಷೆಯಲ್ಲಿ ಒಬ್ಬರು ತಮ್ಮ ಹರೆಯವನ್ನು ಕಳೆದಿಲ್ಲವೋ ಆ ಭಾಷೆಯನ್ನು ಅವರು ತಮ್ಮ ಮಕ್ಕಳಿಗೆ ದಾಟಿಸುವುದು ಕಷ್ಟ. ಎರಡನೆಯ ತಲೆಮಾರಿನಲ್ಲಿ ಕನ್ನಡ ಸೊರಗಿ ಮೂರನೆಯದರಲ್ಲಿ ನಿಂತುಹೋಗುವುದಕ್ಕೆ ಲಿಪಿ ಕಲಿಸದಿರುವುದು ಒಂದು ಕಾರಣವಾದರೆ, ಇದು ಅದಕ್ಕಿಂತ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಆದರೆ ಆ ಆಟ ಅಲ್ಲಿಗೆ ನಿಲ್ಲಲಿಲ್ಲ. ಮುಂದುವರಿಸಿದಂತೆ ನಮಗೊಂದು ಸಂಗತಿ ಗೋಚರವಾಯಿತು: ಆ ಕಥೆಗೆ ಇಂಗ್ಲಿಷಿನ ಅಂಗಿಗಿಂತ ಕನ್ನಡದ ಅಂಗಿಯೇ ಚೆನ್ನಾಗಿ ಹೊಂದುತ್ತಿತ್ತು! ಮೂರು ನಿದರ್ಶನ ಕೊಡುತ್ತೇನೆ.

ಮೊದಲನೆಯದು ಸಂಬೋಧನೆ. ಜಪಾನೀ ಪ್ರೇಮಕಥೆಯಲ್ಲಿ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುತ್ತಿದ್ದ ಹುಡುಗ ಒಂದು ದಿನ ಬರಿಯ ಹೆಸರು ಹಿಡಿದು ಕರೆದರೆ ಅದೇ ಒಂದು ಅಧ್ಯಾಯದಷ್ಟು ದೊಡ್ಡ ಘಟನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯೂ’ ಒಂದೇ ಆದ್ದರಿಂದ ಎಷ್ಟೋ ಅನುವಾದಕರು ‘ಸಾನ್’, ‘ಚಾನ್’ಗಳನ್ನು ಹಾಗೆಯೇ ಉಳಿಸಿಬಿಡುತ್ತಾರೆ. ನಮಗೆ ಆ ಬಡತನವಿಲ್ಲ. ‘ತಾವು’, ‘ನೀವು’, ‘ನೀನು’ ಎಂಬ ಮೆಟ್ಟಿಲುಗಳಿವೆ. ‘ಬನ್ನಿ’ ಎಂಬುದು ‘ಬಾ’ ಆಗುವ ಕ್ಷಣವಿದೆ. ಒಂದು ‘ರೀ’ ಎಂಬ ಅಕ್ಷರದಲ್ಲಿ ನಮ್ಮ ತಾಯಂದಿರು ಇಡೀ ದಾಂಪತ್ಯವನ್ನೇ ನಡೆಸಿದರು. ಬಂಗಾಳಿಯಲ್ಲಿ ‘ಆಪನಿ’, ‘ತುಮಿ’, ‘ತುಇ’ಗಳಿದ್ದು, ‘ತುಇ’ ಎನ್ನುತ್ತಿದ್ದ ಗೆಳೆಯರು ಪ್ರೀತಿ ಮೂಡಿದಾಗ ‘ತುಮಿ’ಗೆ ಏರುವುದನ್ನು ಈ ಊರಿನ ಮಕ್ಕಳೆಲ್ಲ ಬಲ್ಲರು. ನನ್ನ ಮೊಮ್ಮಗಳು ಆ ತಿಳಿವಳಿಕೆಯಿಂದಲೇ ಯಾವ ಪುಟದಲ್ಲಿ ‘ನೀವು’ ಬಿಟ್ಟು ‘ನೀನು’ ಬರಬೇಕೆಂದು ನಿರ್ಧರಿಸಿದಳು. ನನಗೆ ಹೊಳೆಯದಿದ್ದ ಪುಟವದು, ಆದರೆ ಸರಿಯಾದ ಪುಟ.

ಎರಡನೆಯದು ವಾಕ್ಯದ ನಡಿಗೆ. ಈ ಬೀದಿಯ ಒಂದನೆಯ ನಂಬರಿನಲ್ಲಿರುವ ಏಷಿಯಾಟಿಕ್ ಸೊಸೈಟಿಯ ಸ್ಥಾಪಕ ವಿಲಿಯಂ ಜೋನ್ಸ್ 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನೆಂಟಸ್ತಿಕೆಯನ್ನು ಸಾರಿದರು. ಕನ್ನಡವೂ ಜಪಾನಿಯೂ ನೆಂಟರೆಂದು ನಾನು ಹೇಳಹೊರಟಿಲ್ಲ. ಆದರೆ ಇಬ್ಬರ ನಡಿಗೆ ಒಂದೇ ಬಗೆ: ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಎಂಬುದೂ ಕೊನೆಗೇ. “ನನಗೆ ನೀನು ಅಂದರೆ…” ಎಂದು ಒಂದು ಚೌಕದಲ್ಲಿ ನಿಲ್ಲಿಸಿ, ಮುಂದಿನ ಚೌಕದಲ್ಲಿ ಮಳೆಯನ್ನೋ ಮುಖವನ್ನೋ ತೋರಿಸಿ, ಅದರ ಮುಂದಿನದರಲ್ಲಿ “ಇಷ್ಟ” ಎಂದು ಮುಗಿಸಬಹುದು. ಇಂಗ್ಲಿಷಿನ ವಾಕ್ಯವೋ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟಿರುತ್ತದೆ.

ಮೂರನೆಯದು ಅನುಕರಣ ಶಬ್ದಗಳು. ಮಾಂಗಾದ ಪುಟದಲ್ಲಿ ಸದ್ದುಗಳು ಚಿತ್ರದ ಭಾಗವೇ ಆಗಿರುತ್ತವೆ. ಎದೆಬಡಿತಕ್ಕೆ ಅವರು ‘ದೊಕಿ ದೊಕಿ’ ಎಂದರೆ ನಾವು ‘ಢವಢವ’ ಎನ್ನುತ್ತೇವೆ. ಪಿಳಿಪಿಳಿ, ಗಳಗಳ, ಜಿಟಿಜಿಟಿ, ಥಟ್ಟನೆ, ಗಕ್ಕನೆ, ಮೆಲ್ಲಮೆಲ್ಲನೆ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಮೂಲೆಗೆ ಬಿದ್ದಿರುವ ಈ ಮಾತುಗಳ ಸಂಪತ್ತು ಚಿತ್ರಕಥೆಗೆಂದೇ ಕೂಡಿಟ್ಟಂತಿದೆ.

ಹೀಗಿರುವಾಗ ಕನ್ನಡ ಈ ಕ್ಷೇತ್ರದಲ್ಲಿ ಏಕೆ ಹಿಂದುಳಿಯಿತು ಎಂದು ಕೇಳಬೇಕಾಗುತ್ತದೆ. ವಿಚಿತ್ರವೆಂದರೆ ನಾವು ಒಮ್ಮೆ ಮುಂದಿದ್ದೆವು. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ‘ಅಮರ ಚಿತ್ರ ಕಥೆ’ಯ ಮೊದಲ ಹತ್ತು ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ. ಅವು ಸಿಂಡರೆಲಾಳಂಥ ಪಾಶ್ಚಾತ್ಯ ಕಥೆಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ‘ಕೃಷ್ಣ’ ಬಂದಾಗ ಅದಕ್ಕೆ 11ನೆಯ ಕ್ರಮಾಂಕ ಬಿದ್ದದ್ದು ಆ ಕಾರಣದಿಂದಲೇ. ‘ಸುಧಾ’ದ ಪುಟದಲ್ಲಿ ಫ್ಯಾಂಟಮ್ ಕನ್ನಡ ಮಾತನಾಡಿದ, ‘ಬಾಲಮಂಗಳ’ದ ಡಿಂಗನಿಗಾಗಿ ಮಕ್ಕಳು ಅಂಗಡಿಯ ಮುಂದೆ ಕಾದರು. ಆದರೆ ಹದಿನಾಲ್ಕು ದಾಟಿದವರಿಗೆ ಚಿತ್ರಕಥೆಯಿಲ್ಲ ಎಂದು ನಾವು ನಿರ್ಣಯಿಸಿಬಿಟ್ಟೆವು. ಪುರಾಣಪುರುಷರೂ ಮುಸುಕಿನ ವೀರರೂ ಗುಳ್ಳೆಯೊಳಗೆ ಕನ್ನಡ ಆಡಿದರು. ಕಾಲೇಜಿನ ಹುಡುಗಿ ಆಡಲಿಲ್ಲ.

ಬಂಗಾಳಿಗಳು ಹೇಗೆ ನಡೆದುಕೊಂಡರೆಂಬುದನ್ನು ಈ ಊರಿನಲ್ಲಿರುವ ನಾವು ಕಣ್ಣಾರೆ ಕಂಡಿದ್ದೇವೆ. ನಾರಾಯಣ ದೇಬನಾಥರು 1962ರಲ್ಲಿ ಹಾಂದಾ ಭೋಂದಾರನ್ನು, 1965ರಲ್ಲಿ ಬಾಂಟುಲ್‌ನನ್ನು, 1969ರಲ್ಲಿ ನಂಟೆ ಫಂಟೆಯರನ್ನು ಸೃಷ್ಟಿಸಿ ದಶಕಗಳ ಕಾಲ ಬರೆಯುತ್ತಲೇ ಬಂದರು. 2021ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2022ರ ಜನವರಿಯಲ್ಲಿ ಅವರು ತೀರಿಕೊಂಡಾಗ ಇಲ್ಲಿ ಮುದುಕರೂ ಕಣ್ಣೀರಿಟ್ಟರು. ಬೆಲ್ಜಿಯಮ್ಮಿನ ಟಿನ್‌ಟಿನ್ 1975ರಲ್ಲಿ ‘ಆನಂದಮೇಳಾ’ ಪತ್ರಿಕೆಗೆ ಬಂದಾಗ ಅನುವಾದಕ್ಕೆ ಕೂತವರು ನೀರೇಂದ್ರನಾಥ ಚಕ್ರವರ್ತಿಯಂಥ ದೊಡ್ಡ ಕವಿ. ಟಿನ್‌ಟಿನ್ನನ ನಾಯಿಗೆ ಅವರಿಟ್ಟ ಹೆಸರು ‘ಕುಟ್ಟುಸ್’. ಅಂದಿನಿಂದ ಆ ನಾಯಿ ಬಂಗಾಳಿಯದೇ ಆಯಿತು. ದೊಡ್ಡ ಕವಿಯೊಬ್ಬರು ಮಕ್ಕಳ ಚಿತ್ರಕಥೆಗೆ ಭಾಷೆ ಕೊಡುವುದನ್ನು ಕೀಳೆಂದು ಎಣಿಸಲಿಲ್ಲ. ಈ ವಿನಯ ನಮಗೆ ಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ಜಪಾನಿನ ಪ್ರಕಾಶಕರಿಂದ ಹಕ್ಕು ಪಡೆದು ಅಚ್ಚುಹಾಕಿಸುವ ಶಕ್ತಿ ಒಂದು ಸಂಘಕ್ಕಿಲ್ಲ. ಅದು ಬೆಂಗಳೂರಿನ ಪ್ರಕಾಶಕರೂ ಅಕಾಡೆಮಿಗಳೂ ಮಾಡಬೇಕಾದ ಕೆಲಸ. ನಮ್ಮ ಕೈಯಲ್ಲಿರುವುದು ಈ ತ್ರೈಮಾಸಿಕದ ಕೊನೆಯ ನಾಲ್ಕು ಪುಟ. ಅಲ್ಲಿ ನಮ್ಮ ಮಕ್ಕಳೇ ಚಿತ್ರ ಬರೆಯಲಿ. ಕಥೆ ಅವರದೇ ಇರಲಿ: ಮೆಟ್ರೋದಲ್ಲಿ ಭೇಟಿಯಾದ ಗೆಳತಿ, ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾತು ಹೊರಡದೆ ನಿಂತ ಹುಡುಗ, ಬಂಗಾಳಿ ಹುಡುಗನನ್ನು ಮೆಚ್ಚಿದ ಅಕ್ಕ. ಹೌದು, ಕೊನೆಯದೂ ಇರಲಿ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದನ್ನು ಕಾಗದದ ಮೇಲೆ ಕಂಡರೆ ಯಾರೂ ಬೆಚ್ಚಬೇಕಾಗಿಲ್ಲ. ಗುಳ್ಳೆಯೊಳಗಿನ ಮಾತನ್ನು ಮಕ್ಕಳು ಮೊದಲು ತಮಗೆ ತೋಚಿದ ಕನ್ನಡದಲ್ಲಿ ಬರೆಯಲಿ, ಆಮೇಲೆ ಹಿರಿಯರು ಪಕ್ಕದಲ್ಲಿ ಕುಳಿತು ತಿದ್ದಲಿ. ತಿದ್ದುವಾಗ ಗ್ರಂಥಸ್ಥ ಕನ್ನಡಕ್ಕೆ ಎಳೆಯದಿರಲಿ. ಧಾರವಾಡದವರ ಮನೆಯ ಮಾತು ಧಾರವಾಡದ್ದೇ ಆಗಿರಲಿ, ಕುಂದಾಪುರದವರದ್ದು ಕುಂದಾಪುರದ್ದೇ ಆಗಿರಲಿ. ಒಂದು ಗುಳ್ಳೆಯಲ್ಲಿ ಹಿಡಿಯುವುದು ಐದಾರು ಪದ. ಲಿಪಿಯಲ್ಲಿ ತಡವರಿಸುವ ಮಗುವಿಗೆ ಒಂದು ಪುಟದ ಪಾಠ ಬೆಟ್ಟವಾದರೆ ಐದು ಪದದ ಗುಳ್ಳೆ ಒಂದು ಮೆಟ್ಟಿಲು.

ನಾವೆಲ್ಲ ಮಕ್ಕಳಿಗೆ ಕನ್ನಡದ ಅಭಿಮಾನ ಕಲಿಸಲು ಶ್ರಮಿಸಿದ್ದೇವೆ. ಅಭಿಮಾನ ವರ್ಷಕ್ಕೊಮ್ಮೆ ಸಾಕು. ಗೆಳತಿಗೆ ಗುಟ್ಟು ಹೇಳುವುದಕ್ಕೂ, ಕ್ಷಮೆ ಕೇಳುವುದಕ್ಕೂ, ಇಷ್ಟವೆಂದು ಹೇಳಿ ಉತ್ತರಕ್ಕೆ ಕಾಯುವುದಕ್ಕೂ ಒದಗುವ ಕನ್ನಡ ದಿನವೂ ಬೇಕು. ಅದನ್ನು ಅವರ ಕೈಗೆ ಕೊಡುವ ದಾರಿಗಳಲ್ಲಿ ಈ ಚಿತ್ರಕಥೆಯೂ ಒಂದು ಎಂದು ಸೂಚಿಸಿ, ಮುಂದಿನ ಸಂಚಿಕೆಯ ನಾಲ್ಕು ಪುಟಗಳನ್ನು ಸಂಪಾದಕರಲ್ಲಿ ಈ ಸಭೆಯ ಎದುರಿನಲ್ಲೇ ಬೇಡಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.